‘ಹ್ಯಾಂಡ್’ ಕಂಡಲ್ಲೆಲ್ಲ ‘ಕೈ’ ಬರೆಯದಿರಿ: ಅರ್ಥ ಹಿಡಿಯುವ ಬಗೆ

ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವಾಗ ‘ಹ್ಯಾಂಡ್’ ಎದುರಾದರೆ ಮೊದಲು ಅದರ ನೆರೆಹೊರೆ ನೋಡಿ. ಅಲ್ಲಿರುವುದು ಗಡಿಯಾರವೋ ಕುದುರೆಯೋ ಹಡಗೋ? ಅದು ತಿಳಿದರೆ ಅರ್ಥ ಬಹುಪಾಲು ಸಿಕ್ಕಂತೆಯೇ.

ಗಡಿಯಾರದ್ದಾದರೆ ಮುಳ್ಳು. ಇಲ್ಲಿ ಪದಗಳ ಕ್ರಮವನ್ನೂ ಗಮನಿಸಬೇಕು: ‘ಸೆಕೆಂಡ್ ಹ್ಯಾಂಡ್ ವಾಚ್’ ಎಂದರೆ ಯಾರೋ ಬಳಸಿ ಮಾರಿದ್ದು, ವಾಚಿನ ‘ಸೆಕೆಂಡ್ ಹ್ಯಾಂಡ್’ ಎಂದರೆ ಸೆಕೆಂಡಿನ ಮುಳ್ಳು. ಬಾಳೆಯದ್ದಾದರೆ ಚಿಪ್ಪು, ಇಡೀ ಗೊನೆಗೆ ‘ಬಂಚ್’ ಎನ್ನುತ್ತಾರೆ, ಎರಡನ್ನೂ ಬೆರೆಸಿದರೆ ಲೆಕ್ಕ ತಪ್ಪುತ್ತದೆ. ಇಸ್ಪೀಟಿನಲ್ಲಿ ಆಟಗಾರನಿಗೆ ಬಂದ ಎಲೆಗಳು. ರಮ್ಮಿಯಲ್ಲಿ ಸಾಮಾನ್ಯವಾಗಿ 13. ಹೊಲ, ಹಡಗು, ಕಾರ್ಖಾನೆಯಲ್ಲಿ ‘ಹ್ಯಾಂಡ್ಸ್’ ಎಂದರೆ ಆಳುಗಳು. ‘ಟೆನ್ ಹ್ಯಾಂಡ್ಸ್’ ಎಂದಿದ್ದರೆ ಹತ್ತು ಜನ, ಐದಲ್ಲ.

ಹೆಚ್ಚು ಎಡವುವುದು ಕುದುರೆಯ ಎತ್ತರದಲ್ಲಿ. ಅಲ್ಲಿ ಒಂದು ಹ್ಯಾಂಡ್ ಎಂದರೆ 4 ಇಂಚು, ಅಂದರೆ 10.16 ಸೆಂ.ಮೀ. ನೆಲದಿಂದ ಹೆಗಲ ದಿಬ್ಬದವರೆಗೆ ಅಳೆಯುತ್ತಾರೆ, ತಲೆಯವರೆಗಲ್ಲ. 14.2 ಎಂದು ಬರೆದಿದ್ದರೆ ಆ ಚುಕ್ಕೆ ದಶಾಂಶದ್ದಲ್ಲ: 14 ಹ್ಯಾಂಡ್ ಮತ್ತು 2 ಇಂಚು. 14ನ್ನು 4ರಿಂದ ಗುಣಿಸಿ 2 ಕೂಡಿದರೆ 58 ಇಂಚು, ಸುಮಾರು 147 ಸೆಂ.ಮೀ. ನೇರವಾಗಿ 14.2ನ್ನೇ ಗುಣಿಸಿದರೆ 56.8 ಬಂದು ಕುದುರೆ ಒಂದು ಇಂಚಿಗೂ ಹೆಚ್ಚು ಗಿಡ್ಡವಾಗುತ್ತದೆ. 14.3 ಆದಮೇಲೆ ಬರುವುದು 15, 14.4 ಎಂಬುದು ಕಂಡರೆ ಬರೆದವರೇ ತಪ್ಪಿದ್ದಾರೆ.

ಅಂಗವೇ ಎಂದು ಖಚಿತವಾದಾಗಲೂ ಅವಸರ ಬೇಡ. ನಮ್ಮ ಕೈ ಹೆಗಲಿಂದ ಬೆರಳ ತುದಿಯವರೆಗೆ. ಅವರ ಹ್ಯಾಂಡ್ ಮಣಿಕಟ್ಟಿನಿಂದ ಬೆರಳ ತುದಿಯವರೆಗಷ್ಟೇ, ಮೇಲಿನದು ‘ಆರ್ಮ್’. ವಿಮೆಯ ಅರ್ಜಿಯಲ್ಲಿ ಮೊಣಕೈ ಮುರಿತಕ್ಕೆ ‘ಹ್ಯಾಂಡ್’ ಎಂದು ಬರೆದರೆ ಆಸ್ಪತ್ರೆಯ ಕಾಗದಕ್ಕೂ ಅದಕ್ಕೂ ತಾಳೆಯಾಗದು.

ನುಡಿಗಟ್ಟುಗಳಲ್ಲಿ ಅಂಗ ಒಂದೇ ಆದರೂ ಭಾವ ತಿರುಗುಮುರುಗು. ‘ಗಿವ್ ಮಿ ಎ ಹ್ಯಾಂಡ್’ ಎಂದರೆ ನೆರವಾಗು, ಕೈಜೋಡಿಸು. ಅದನ್ನು ‘ಕೈ ಕೊಡು’ ಎಂದರೆ ನಂಬಿಸಿ ನಡುನೀರಲ್ಲಿ ಬಿಡು ಎಂದಂತೆ. ನಡುವೆ ‘ಬಿಗ್’ ಸೇರಿ ವೇದಿಕೆಯಿಂದ ಕೇಳಿಬಂದರೆ ಚಪ್ಪಾಳೆ ತಟ್ಟಿ ಎಂದು. ‘ರೇಸ್ ಯುವರ್ ಹ್ಯಾಂಡ್’ ಎಂಬುದಕ್ಕೆ ಕೈ ಎತ್ತಿ ಎನ್ನಬಹುದು, ಆದರೆ ‘ಕೈ ಎತ್ತಿಬಿಟ್ಟ’ ಎಂದರೆ ದಿವಾಳಿ! ಹಾಗೆಂದು ಎಲ್ಲ ಕಡೆಯೂ ಹೆದರಬೇಕಿಲ್ಲ. ‘ಓಲ್ಡ್ ಹ್ಯಾಂಡ್’ಗೆ ‘ಪಳಗಿದ ಕೈ’, ‘ಅಪ್ಪರ್ ಹ್ಯಾಂಡ್’ಗೆ ‘ಮೇಲುಗೈ’ ಚೆನ್ನಾಗಿಯೇ ಒಪ್ಪುತ್ತವೆ.

ಕೊನೆಗೆ, ಹಿಂದೆಮುಂದೆ ಅಂಟಿದ ಪುಟ್ಟ ಪದಗಳು. ‘ಹ್ಯಾಂಡ್ ಇನ್’ ಸಲ್ಲಿಸು, ‘ಹ್ಯಾಂಡ್ ಔಟ್’ ಹಂಚು, ‘ಹ್ಯಾಂಡ್ ಓವರ್’ ಒಪ್ಪಿಸು. ‘ಹ್ಯಾಂಡ್ ಡೌನ್’ ಮಾತ್ರ ಕರ್ಮಪದ ನೋಡದೆ ಬಿಡಿಸಲಾಗದು: ಒಡವೆಯಾದರೆ ಮುಂದಿನ ತಲೆಮಾರಿಗೆ ದಾಟಿಸು, ಕೋರ್ಟಿನ ಸುದ್ದಿಯಾದರೆ ತೀರ್ಪು ಕೊಡು. ‘ಔಟ್ ಆಫ್ ಹ್ಯಾಂಡ್’ಗೂ ಹೀಗೆಯೇ ಎರಡು ಮುಖ. ಜೊತೆಗಿರುವ ಕ್ರಿಯಾಪದ ‘ಗೆಟ್’ ಆದರೆ ಹಿಡಿತ ತಪ್ಪಿತು. ‘ರಿಜೆಕ್ಟ್’ ಆದರೆ ವಿಚಾರಿಸದೆಯೇ ತಳ್ಳಿಹಾಕಿದರು.