‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?’: ಕೆಲಸ ಹುಡುಕುವವರಿಗೆ ನೆರವಾಗುವುದು ಹೇಗೆ

ಜೈಲಿನಿಂದ ಬಿಡುಗಡೆಯಾದವರು, ಓದು ಅರ್ಧಕ್ಕೇ ನಿಂತವರು, ಮನೆಯವರ ಆರೈಕೆಯಲ್ಲೇ ಹತ್ತಾರು ವರ್ಷ ಕಳೆದವರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು. ಇಂಥವರಿಗೆ ಕೆಲಸ ಹುಡುಕಿಕೊಡುವ ಸ್ವಯಂಸೇವಾ ಸಂಸ್ಥೆಗೆ ಹೊಸಬರು ಸೇರಿದರೆ ಮೊದಲ ದಿನವೇ ಕಂಪ್ಯೂಟರ್ ಮುಂದೆ ಕುಳಿತು ಬಯೋಡೇಟಾ ಟೈಪಿಸಲು ತೊಡಗುತ್ತಾರೆ. ಎಡವಟ್ಟಾಗುವುದು ಅಲ್ಲಿಂದಲೇ. ನೆರವು ಬೇಕಿರುವುದು ಕಾಗದಕ್ಕಲ್ಲ, ಬಾಯಿಗೆ.

1. ಮೊದಲು ಕೇಳಿಸಿಕೊಳ್ಳಿ. ಯಾವ ಹೊತ್ತಿಗೆ ಬರಬಲ್ಲರು, ಎಷ್ಟು ದೂರ ಹೋಗಬಲ್ಲರು, ಯಾವ ಕೆಲಸ ಬೇಡವೇ ಬೇಡ. ಇಷ್ಟು ತಿಳಿದರೆ ಸಾಕು.

2. ತರಬೇತಿಯ ಹೆಸರಿನಲ್ಲಿ ಕಾಯಿಸಬೇಡಿ. ‘ಮೊದಲು ಆರು ತಿಂಗಳು ಕೋರ್ಸ್ ಮಾಡಲಿ, ಆಮೇಲೆ ಕೆಲಸ ನೋಡೋಣ’ ಎನ್ನುವುದು ಹಳೆಯ ಚಾಳಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಇದನ್ನು ತಿರುಗಿಸಿದರು. ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಬೇಕಾದ ಬೆಂಬಲವನ್ನು ಅಲ್ಲೇ ಕೊಡುವ ಪದ್ಧತಿ ಅವರದು. ಹಲವು ದೇಶಗಳಲ್ಲಿ ಹಳೆಯ ಕ್ರಮದೊಂದಿಗೆ ಹೋಲಿಸಿ ನೋಡಿದಾಗ ಇದರಿಂದಲೇ ಹೆಚ್ಚು ಜನರಿಗೆ ಕೆಲಸ ಸಿಕ್ಕಿದೆ. ಗೋಡೆಗೆ ತೂಗುಹಾಕುವ ಪ್ರಮಾಣಪತ್ರಗಳ ಬಗ್ಗೆ ನನಗೆ ಮೋಹವಿಲ್ಲ.

3. ಬಯೋಡೇಟಾ ಒಂದೇ ಪುಟ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರು ‘ಮನೆಯಲ್ಲಿ ಸುಮ್ಮನಿದ್ದೆ’ ಎನ್ನುತ್ತಾರೆ. ಅದನ್ನು ಬಿಡಿಸಿ ಬರೆಯಿರಿ: ಹೊತ್ತಿಗೆ ಸರಿಯಾಗಿ ಔಷಧಿ, ರೋಗಿಯನ್ನು ಎತ್ತಿ ಕೂರಿಸುವುದು, ವೈದ್ಯರ ಸೂಚನೆಯ ಪಾಲನೆ. ಹಣ ಕಟ್ಟಿಸಿಕೊಳ್ಳುವ ಜಾಲತಾಣಗಳ ಸಿದ್ಧ ಮಾದರಿಗಳನ್ನು ಮುಟ್ಟಲೇಬೇಡಿ. ‘ಸಂವಹನ ಕೌಶಲ: ಐದಕ್ಕೆ ನಾಲ್ಕು ನಕ್ಷತ್ರ’ ಎಂದು ತನಗೆ ತಾನೇ ಅಂಕ ಹಾಕಿಕೊಂಡ ಬಯೋಡೇಟಾವನ್ನು ಯಾರೂ ನಂಬುವುದಿಲ್ಲ.

4. ಖಾಲಿ ವರ್ಷಗಳ ಪ್ರಶ್ನೆ. ಬಹಳ ಮಂದಿ ಮುಗ್ಗರಿಸುವುದು ಇಲ್ಲಿಯೇ. ‘ನಡುವೆ ನಾಲ್ಕು ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದ ಕೂಡಲೇ ಒಬ್ಬರು ಸುಳ್ಳು ಹೇಳುತ್ತಾರೆ, ಇನ್ನೊಬ್ಬರು ಬಾಲ್ಯದಿಂದ ಶುರುಮಾಡಿ ಇಡೀ ಬದುಕನ್ನೇ ಬಿಚ್ಚಿಡುತ್ತಾರೆ. ಮೂರನೆಯವರು ಸ್ವಯಂಸೇವಕರು ಬರೆದುಕೊಟ್ಟದ್ದನ್ನು ಗಿಳಿಪಾಠ ಒಪ್ಪಿಸುತ್ತಾರೆ.

ಏನು ಹೇಳಲೇಬೇಕು, ಏನು ಬೇಕಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಇದು ಊರೂರಿಗೆ, ಕಾನೂನಿನಿಂದ ಕಾನೂನಿಗೆ ಬೇರೆ. ಬ್ರಿಟನ್ನಿನ 1974ರ ಕಾಯ್ದೆಯಂತೆ, ಗೊತ್ತುಪಡಿಸಿದ ಅವಧಿ ಕಳೆದ ಹಲವು ಬಗೆಯ ಶಿಕ್ಷೆಗಳನ್ನು ಬಹುಪಾಲು ಉದ್ಯೋಗಗಳಿಗೆ ತಿಳಿಸಬೇಕಾಗಿಲ್ಲ. ಅಮೆರಿಕದಲ್ಲಿ ಅರ್ಜಿಯಲ್ಲೇ ಅಪರಾಧದ ವಿವರ ಕೇಳುವುದಕ್ಕೆ ತಡೆ ಹಾಕುವ ಕಾನೂನು 1998ರಲ್ಲಿ ಹವಾಯಿಯಲ್ಲಿ ಬಂತು, ಆಮೇಲೆ ಬೇರೆ ರಾಜ್ಯಗಳಿಗೂ ಹಬ್ಬಿತು. ನಿಮ್ಮಲ್ಲಿ ಹೇಗೆ ಎಂಬುದನ್ನು ವಕೀಲರಿಂದ ಕೇಳಿ, ಊಹೆಯ ಮೇಲೆ ಸಲಹೆ ಕೊಡಬೇಡಿ. ಕಾಯಿಲೆಯಾದರೆ ಹೆಸರು ಹೇಳುವ ಹಂಗಿಲ್ಲ. ‘ಆರೋಗ್ಯ ಸರಿಯಿರಲಿಲ್ಲ, ಈಗ ಈ ಕೆಲಸ ಮಾಡಬಲ್ಲೆ’ ಎಂದರೆ ಆಯಿತು.

ಉತ್ತರ ಅರ್ಧ ನಿಮಿಷ ಮೀರಬಾರದು. ಕಾರಣ ಒಂದು ವಾಕ್ಯ, ಅದು ಮುಗಿಯಿತು ಎನ್ನಲು ಇನ್ನೊಂದು, ಈಗಿನ ಪುರಾವೆ, ಅಲ್ಲಿಂದ ನೇರ ಕೆಲಸದ ಮಾತು. ಹೀಗೆ: ‘ಒಂದು ತಪ್ಪಿಗೆ ಮೂರು ವರ್ಷ ಶಿಕ್ಷೆ ಅನುಭವಿಸಿದೆ. ಬಿಡುಗಡೆಯಾಗಿ ಒಂದು ವರ್ಷವಾಯಿತು. ಅಲ್ಲಿ ದಿನವೂ ಇನ್ನೂರು ಜನರ ಅಡುಗೆಗೆ ಕೈಜೋಡಿಸುತ್ತಿದ್ದೆ, ಈಗ ವಾರಾಂತ್ಯದಲ್ಲಿ ಕೇಟರಿಂಗ್‌ಗೆ ಹೋಗುತ್ತಿದ್ದೇನೆ. ನಿಮ್ಮಲ್ಲಿ ಬೆಳಗಿನ ಪಾಳಿಗೆ ಎಷ್ಟು ಜನ ಇರುತ್ತಾರೆ?’ ಕೊನೆಯ ಪ್ರಶ್ನೆಯನ್ನು ಗಮನಿಸಿ. ಮಾತನ್ನು ಅಡುಗೆಮನೆಗೆ ಎಳೆದು ತರುವುದು ಅದೇ.

ಇದನ್ನು ಬರೆಸಬೇಡಿ, ಹೇಳಿಸಿ. ಮಾತು ಅವರದೇ ಇರಲಿ, ವ್ಯಾಕರಣ ತಿದ್ದುವ ಚಪಲವನ್ನು ಅದುಮಿಟ್ಟುಕೊಳ್ಳಿ. ನೀವೇ ಸಂದರ್ಶಕರಂತೆ ಕುಳಿತು ಆ ಪ್ರಶ್ನೆಯನ್ನು ಒಮ್ಮೆ ಆರಂಭದಲ್ಲಿ ಕೇಳಿ, ಒಮ್ಮೆ ಸಂಬಳದ ಮಾತಿನ ನಡುವೆ ಥಟ್ಟನೆ ಕೇಳಿ, ಒಮ್ಮೆ ಸ್ವಲ್ಪ ಒರಟಾಗಿಯೇ ಕೇಳಿ. ಅವರ ಕೈ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿಯುವುದು ಯಾವ ಪದಕ್ಕೆ ಎಂದು ನೋಡುತ್ತಿರಿ. ಆ ಪದವನ್ನು ಬದಲಿಸಿ.

ಇನ್ನೊಂದು ಅಭ್ಯಾಸವನ್ನು ಯಾರೂ ಮಾಡಿಸುವುದಿಲ್ಲ. ಉತ್ತರ ಮುಗಿದ ಮೇಲೆ ಸಂದರ್ಶಕರು ತಲೆ ತಗ್ಗಿಸಿ ಏನನ್ನೋ ಬರೆದುಕೊಳ್ಳುತ್ತಾರೆ. ಆ ಮೌನ ಅಭ್ಯರ್ಥಿಗೆ ತಿರಸ್ಕಾರದಂತೆ ಕಾಣುತ್ತದೆ. ‘ಅಂದರೆ, ತಪ್ಪು ಪೂರ್ತಿ ನನ್ನದಲ್ಲ, ನನ್ನ ಗೆಳೆಯ...’ ಎಂದು ಮತ್ತೆ ಶುರುವಾಗುತ್ತದೆ. ಚೆನ್ನಾಗಿ ಹೇಳಿದ್ದೆಲ್ಲ ಅಷ್ಟರಲ್ಲಿ ನೀರುಪಾಲು. ಆದ್ದರಿಂದ ಅಣಕು ಸಂದರ್ಶನದಲ್ಲಿ ನೀವೂ ಬೇಕೆಂದೇ ಪೆನ್ನು ಹಿಡಿದು, ಹತ್ತು ಎಣಿಸುವವರೆಗೆ ತಲೆ ಎತ್ತದೆ ಬರೆಯಿರಿ. ಅವರು ಬಾಯಿ ತೆರೆದರೆ ಮತ್ತೆ ಮೊದಲಿನಿಂದ. ಸುಮ್ಮನೆ ಕೂರುವುದು ರೂಢಿಯಾಗುವ ತನಕ ಯಾರನ್ನೂ ಸಂದರ್ಶನಕ್ಕೆ ಕಳುಹಿಸಬೇಡಿ.

5. ಉದ್ಯೋಗದಾತರ ಬಳಿ ಕರುಣೆ ಬೇಡಬೇಡಿ. ‘ಪಾಪ, ಕಷ್ಟದಲ್ಲಿದ್ದಾರೆ’ ಎಂದರೆ ಚಹಾ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಅವರಲ್ಲಿ ಯಾವ ಹುದ್ದೆಯಲ್ಲಿ ಜನ ನಿಲ್ಲುತ್ತಿಲ್ಲ ಎಂದು ಕೇಳಿ, ಅದಕ್ಕೆ ತಕ್ಕವರನ್ನು ಹೇಳಿ. ಎಷ್ಟೋ ಜನರಿಗೆ ಕೆಲಸ ಸಿಗುವುದು ಆಪ್ತರಿಂದಲ್ಲ, ಅಪರೂಪಕ್ಕೆ ಭೇಟಿಯಾಗುವ ಪರಿಚಿತರಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ನಮ್ಮ ಅಭ್ಯರ್ಥಿಗಳಿಗೆ ಇಲ್ಲದಿರುವುದು ಆ ಪರಿಚಯದ ಜಾಲವೇ. ಅದನ್ನು ಕೊಡಲಾರದ ಸಂಸ್ಥೆ ಬರೀ ಟೈಪಿಂಗ್ ಅಂಗಡಿ. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನ ಗ್ರೇಸ್ಟನ್ ಬೇಕರಿಯಂತೆ ಸಂದರ್ಶನವೇ ಇಲ್ಲದೆ, ಪಟ್ಟಿಯಲ್ಲಿ ಹೆಸರು ಬರೆಸಿದವರನ್ನು ಸರದಿಯಂತೆ ಸೇರಿಸಿಕೊಳ್ಳುವವರೂ ಇದ್ದಾರೆ. ಆದರೆ ಅಂಥವರು ವಿರಳ.

ನಡುವೆ ಒಂದು ಎಚ್ಚರಿಕೆ: ‘ನೋಂದಣಿ ಶುಲ್ಕ’ ಕೇಳುವ ಏಜೆಂಟರ ಜೊತೆ ಕೈಜೋಡಿಸಬೇಡಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ವಸೂಲು ಮಾಡಬಾರದು ಎಂಬುದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆಯ ಸಾಮಾನ್ಯ ನಿಯಮ.

6. ಸೇರಿದ ಮೇಲೆ ಕೈಬಿಡಬೇಡಿ. ದಾನಿಗಳ ವರದಿಗೆ ‘ಉದ್ಯೋಗ ಪಡೆದವರು’ ಎಂಬ ಅಂಕಿ ಸಿಕ್ಕ ಕೂಡಲೇ ಕಡತ ಮುಚ್ಚುವ ಸಂಸ್ಥೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಮೊದಲ ಸಂಬಳ ಬರುವವರೆಗೆ ಓಡಾಟದ ಖರ್ಚಿಗೆ ಏನು ದಾರಿ, ಮಗುವಿಗೆ ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಾರೆ, ತಡವಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಸೇರುವ ಹಿಂದಿನ ದಿನವೇ ಇತ್ಯರ್ಥವಾಗಬೇಕು. ಮೊದಲ ವಾರ ಪಾಳಿ ಮುಗಿದ ಮೇಲೆ ದಿನವೂ ಕರೆ ಮಾಡಿ, ಆಮೇಲೆ ವಾರಕ್ಕೊಮ್ಮೆ ಸಾಕು. ಮೇಲ್ವಿಚಾರಕರ ಜೊತೆಗೂ ಮಾತನಾಡಬಹುದು, ಆದರೆ ಅಭ್ಯರ್ಥಿಯ ಒಪ್ಪಿಗೆ ಪಡೆದ ನಂತರವೇ.