ಕಸಬರಿಗೆಗಿಂತ ಮೊದಲು ನೀರು

ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಹಂಚಿನ ಮನೆ. ಹಿಂದಿನ ಕೋಣೆಯಲ್ಲಿ ಗೋವಿನಜೋಳದ ಚೀಲ ಇಡುತ್ತೇವೆ. ಅಂದಮೇಲೆ ಇಲಿ ಇದ್ದೇ ಇರುತ್ತವೆ, ಅಲ್ವಾ? ಚೀಲ ಖಾಲಿಯಾದಾಗ ಬಾಗಿಲು ಹಾಕಿಕೊಂಡು ಜೋರಾಗಿ ಗುಡಿಸುತ್ತಿದ್ದೆ. ಧೂಳು ಅಡುಗೆಮನೆಗೆ ಬರಬಾರದಲ್ಲ! ಬೆಳಕಿಂಡಿಯ ಬಿಸಿಲಿನಲ್ಲಿ ಧೂಳು ಕಂಬದ ಹಾಗೆ ನಿಲ್ಲುತ್ತಿತ್ತು. ಅದನ್ನೇ ಉಸಿರಾಡುತ್ತಿದ್ದೆ.

ಹಂಟಾವೈರಸ್ ಬಗ್ಗೆ ಓದಿದ ಮೇಲೆ ಮೈ ಜುಮ್ಮೆಂದಿತು. ಸೋಂಕು ತಗುಲಿದ ಇಲಿಯ ಉಚ್ಚೆ, ಹಿಕ್ಕೆ, ಜೊಲ್ಲಿನಲ್ಲಿ ಅದು ಇರುತ್ತದೆ. ಒಣಗಿದ್ದನ್ನು ಗುಡಿಸಿದರೆ ಧೂಳಿನ ಜೊತೆ ಮೂಗಿಗೆ ಹೋಗುತ್ತದೆ. ಇಲಿ ಕಚ್ಚಲೇಬೇಕು ಅಂತಿಲ್ಲ. ಜ್ವರ ಬರುವುದು 1ರಿಂದ 8 ವಾರ ಬಿಟ್ಟು. ಅಷ್ಟೊತ್ತಿಗೆ ಕೋಣೆ ಗುಡಿಸಿದ್ದು ಯಾರಿಗೆ ನೆನಪಿರುತ್ತೆ? ಅಮೆರಿಕದ ಕಡೆ ಇದು ಶ್ವಾಸಕೋಶಕ್ಕೆ ಬೀಳುತ್ತದೆ, ಏಷ್ಯಾ ಯುರೋಪಿನಲ್ಲಿ ಜಾಸ್ತಿ ಕಿಡ್ನಿಗೆ. ನಮ್ಮ ದೇಶದಲ್ಲೂ 1964ರಲ್ಲೇ ವೆಲ್ಲೂರು ಹತ್ತಿರ ಸುಂಡಿಲಿಯೊಂದರಲ್ಲಿ ಈ ಗುಂಪಿನ ವೈರಸ್ ಸಿಕ್ಕಿತ್ತು. ಸುಂಡಿಲಿ ನಿಜವಾಗಿ ಇಲಿಯೇ ಅಲ್ಲ, ಅದು ಬೇರೆ ಮಾತು. ನಾವು ಇಲಿ ಜ್ವರ ಅನ್ನೋದೂ ಬೇರೆ, ಅದು ಬ್ಯಾಕ್ಟೀರಿಯಾದಿಂದ ಬರೋದು.

ಈ ಸಲ ಮೊದಲು ಬಾಗಿಲು, ಕಿಟಕಿ ತೆರೆದು ಅರ್ಧ ಗಂಟೆ ಹೊರಗೆ ಕೂತೆ. ಆಮೇಲೆ ಎನ್-95 ಮಾಸ್ಕ್, ರಬ್ಬರ್ ಗ್ಲೌಸ್. ಒಂದು ಪಾಲು ಬ್ಲೀಚಿಗೆ (ಪುಡಿಯಲ್ಲ, ಬಾಟಲಿಯಲ್ಲಿ ಬರುವ ದ್ರವ) ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ ಬಿದ್ದಲ್ಲೆಲ್ಲ ತಂಬಿಗೆಯಿಂದ ಮೆಲ್ಲಗೆ ಸುರಿದೆ. ರಭಸವಾಗಿ ಸುರಿದರೆ ಮತ್ತೆ ಧೂಳು ಏಳುತ್ತದೆ. ಇದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ. ಐದು ನಿಮಿಷಕ್ಕೆ ಕರಿ ಅಕ್ಕಿಯಂತಿದ್ದ ಹಿಕ್ಕೆ ನೆನೆದು ಫರಸಿಗೆ ಅಂಟಿಕೊಂಡವು. ಹಳೇ ಪೇಪರಿನಲ್ಲಿ ಬಳಿದು, ಎರಡು ಕವರಿನಲ್ಲಿ ಕಟ್ಟಿದೆ. ಗ್ಲೌಸ್ ತೆಗೆಯುವ ಮೊದಲೇ ಅವುಗಳ ಮೇಲೆ ಸೋಪು ಹಚ್ಚಿ ತೊಳೆದೆ, ಆಮೇಲೆ ಕೈ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ದಿನಾ ಅಂಗಳಕ್ಕ ನೀರ ಥಳಿ ಹೊಡದ ಕಸಾ ಹೊಡೀತೀನಿ. ಒಳಗ ಒಣಾ ಹೊಡೀ ಅಂತ ನಿನಗ ಯಾರ ಹೇಳಿದ್ರು?" ಅಂದಳು. ಸುಮ್ನೆ ನಕ್ಕೆ.

ಗೋಡೆಯ ತೂತು ಮುಚ್ಚುವುದಕ್ಕೇ ಎರಡು ದಿನ ಹಿಡಿಯಿತು. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೂ ಚಿಟ್ಟಿಲಿಗೆ ಸಾಕು. ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ, ಮೇಲೆ ಸಿಮೆಂಟ್ ಬಳಿದೆ. ಪಾಷಾಣ ಇಡಲಿಲ್ಲ. ಹಿಂದೊಮ್ಮೆ ಇಟ್ಟಾಗ ಇಲಿ ಹಂಚಿನ ಕೆಳಗೆ ಎಲ್ಲೋ ಸತ್ತು ಹದಿನೈದು ದಿನ ನಾತ. ಬೋನೇ ವಾಸಿ. ಮೊನ್ನೆ ಒಂದು ಬಿದ್ದಿದೆ, ಇನ್ನೊಂದು ಒಣಕೊಬ್ಬರಿ ತಿಂದು ಪಾರಾಗಿದೆ.