ಕುಸುಬಿ ಎಣ್ಣೆಯ ಮೈಸೋಪು: ಮೊದಲು ತಕ್ಕಡಿ ತನ್ನಿ

ವಿಜಯಪುರದ ಕಡೆ ಗಾಣದ ಕುಸುಬಿ ಎಣ್ಣೆ ಸಿಗುವುದು ಕಷ್ಟವಲ್ಲ. ಅದರಲ್ಲಿ ಮನೆಯಲ್ಲೇ ಸೋಪು ಮಾಡಬಹುದು, ಅದೂ ಒಲೆ ಹೊತ್ತಿಸದೆ. ಆದರೆ "ಒಂದು ಲೋಟ ಎಣ್ಣೆ, ಎರಡು ಚಮಚ ಕಾಸ್ಟಿಕ್ ಸೋಡಾ" ಎಂದು ಯಾರಾದರೂ ಹೇಳಿಕೊಟ್ಟರೆ ನಂಬಬೇಡಿ. ಅಡುಗೆಗೆ ಕೈಯಂದಾಜು ನಡೆಯುತ್ತದೆ, ಇದಕ್ಕೆ ನಡೆಯಲ್ಲ. ಗ್ರಾಂ ಲೆಕ್ಕ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲವೆಂದರೆ ಅಂಗಡಿಯ ಸೋಪೇ ವಾಸಿ.

ಅಷ್ಟು ಬಿಗಿ ಯಾಕೆ? ಎಣ್ಣೆ ಅಂದರೇನು ಎಂದು ನೋಡಿದರೆ ತಿಳಿಯುತ್ತದೆ. ಒಂದು ಆಮ್ಲ, ಒಂದು ಆಲ್ಕೋಹಾಲ್ ಕೂಡಿ, ನಡುವೆ ನೀರು ಬಿಟ್ಟುಹೋದರೆ ಉಳಿಯುವುದು ಎಸ್ಟರ್. ಐಸ್ ಕ್ಯಾಂಡಿಗೆ ಹಾಕುವ ಬಾಳೆಹಣ್ಣಿನ ಎಸೆನ್ಸ್ ಇದೆಯಲ್ಲ, ಅದರ ವಾಸನೆ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು. ಅದು ಸಣ್ಣ ಅಣು, ಗಾಳಿಗೆ ಹಾರಿ ಮೂಗಿಗೆ ಬರುತ್ತದೆ. ಕೊಬ್ಬು, ಎಣ್ಣೆ ಕೂಡ ಎಸ್ಟರುಗಳೇ, ಆದರೆ ಭಾರಿ ಅಣುಗಳು. ಒಂದು ಗ್ಲಿಸರಿನ್‌ಗೆ ಮೂರು ಉದ್ದನೆಯ ಕೊಬ್ಬಿನ ಆಮ್ಲ ಅಂಟಿಕೊಂಡಿರುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ ಇದನ್ನು ಬಿಡಿಸಿಟ್ಟದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಆ ಮೂರೂ ಅಂಟನ್ನು ಬಿಡಿಸುತ್ತದೆ. ಬಿಡಿಯಾದ ಆಮ್ಲ ಸೋಡಿಯಂ ಹಿಡಿದುಕೊಂಡರೆ ಅದೇ ಸೋಪು. ಗ್ಲಿಸರಿನ್ ಪಕ್ಕಕ್ಕೆ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಬೇರ್ಪಡಿಸಿ ಮಾರುತ್ತವೆ, ಮನೆಯ ಸೋಪಿನಲ್ಲಿ ಅದು ಒಳಗೇ ಇರುತ್ತದೆ.

ಒಂದು ಅಣು ಎಣ್ಣೆಗೆ ಮೂರು ಅಣು ಕಾಸ್ಟಿಕ್. ಇದು ಎಲ್ಲ ಎಣ್ಣೆಗೂ ಒಂದೇ. ಆದರೆ ಅಣುವಿನ ತೂಕ ಒಂದೇ ಅಲ್ಲ. ಕೊಬ್ಬರಿ ಎಣ್ಣೆಯ ಆಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, ಅದಕ್ಕೆ 12 ಕಾರ್ಬನ್. ಕುಸುಬಿಯದು ಬಹುಪಾಲು 18 ಕಾರ್ಬನ್ನಿನ ಉದ್ದನೆಯ ಲಿನೋಲಿಯಿಕ್ ಆಮ್ಲ. ಅಣು ಗಿಡ್ಡವಿದ್ದಷ್ಟೂ ಒಂದು ಕಿಲೋದಲ್ಲಿ ಜಾಸ್ತಿ ಅಣುಗಳು ಹಿಡಿಯುತ್ತವೆ, ಅಷ್ಟು ಜಾಸ್ತಿ ಕಾಸ್ಟಿಕ್ ಬೇಕು. ಹಾಗಾಗಿ ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ, ಕುಸುಬಿಗೆ 136, ಔಡಲ ಎಣ್ಣೆಗೆ 128. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಒಂದೋ ಜಿಡ್ಡು ಸೋಪು, ಇಲ್ಲವೇ ಚರ್ಮ ಸುಡುವ ಸೋಪು.

ನಮ್ಮ ಸೋಪಿಗೆ ಕೊಬ್ಬರಿ ಎಣ್ಣೆ 300 ಗ್ರಾಂ, ಕುಸುಬಿ 150, ಔಡಲ 50. ಕುಸುಬಿಯದೇ ಪೂರ್ತಿ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದು, ಆದರೆ ಮೆತ್ತಗಾಗುತ್ತದೆ, ಸ್ವಲ್ಪ ದಿನಕ್ಕೆ ಕಿತ್ತಳೆ ಬಣ್ಣದ ಚುಕ್ಕೆ ಬಿದ್ದು ಕಮಟು ಹಿಡಿಯುತ್ತದೆ. ಕೊಬ್ಬರಿ ಗಟ್ಟಿತನ, ನೊರೆ ಎರಡೂ ಕೊಡುತ್ತದೆ. ಔಡಲ ಇದ್ದರೆ ನೊರೆ ಬೇಗ ಇಳಿಯಲ್ಲ.

ಲೆಕ್ಕ ಹೀಗೆ: ಕೊಬ್ಬರಿಗೆ 54.9, ಕುಸುಬಿಗೆ 20.4, ಔಡಲಕ್ಕೆ 6.4 ಸೇರಿ 81.7 ಗ್ರಾಂ ಕಾಸ್ಟಿಕ್. ಇದರಲ್ಲಿ ಶೇ 7 ಕಡಿಮೆ ಮಾಡಿ 76 ಗ್ರಾಂ ತೂಗಿ. ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯಲಿ, ಕಾಸ್ಟಿಕ್ ಮಾತ್ರ ಉಳಿಯಬಾರದು. ಮೋರಿ ಸ್ವಚ್ಛ ಮಾಡುವ ಪುಡಿಯ ಪ್ಯಾಕೆಟ್ ಬೇಡ, ಅದರಲ್ಲಿ ಬೇರೆ ಪದಾರ್ಥ ಸೇರಿರಬಹುದು. ಶುದ್ಧ ಸೋಡಿಯಂ ಹೈಡ್ರಾಕ್ಸೈಡ್ ಎಂದು ಬರೆದದ್ದನ್ನೇ ತನ್ನಿ. ನೀರು 160 ಗ್ರಾಂ, ಬೋರ್‌ವೆಲ್ಲಿನದಲ್ಲ, ಶುದ್ಧ ನೀರಿನ ಘಟಕದ ಕ್ಯಾನಿನದು.

ಇನ್ನು ಮುಂದೆ ಮಕ್ಕಳು ಹತ್ತಿರ ಇರಬಾರದು. ರಬ್ಬರ್ ಕೈಗವಸು ಹಾಕಿ. ಗ್ರೈಂಡಿಂಗ್ ಮಾಡುವವರು ಹಾಕುವ ಬಿಳಿ ಕನ್ನಡಕ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದು ಬೇಕೇ ಬೇಕು. ಸ್ಟೀಲ್ ಪಾತ್ರೆ ತೊಗೊಳ್ಳಿ. ನಾವು ಜರ್ಮನ್ ಎನ್ನುವ ಅಲ್ಯುಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಹಿತ್ತಲಲ್ಲಿ ನಿಂತು, ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ ಕಲಕಿ. ತಲೆಕೆಳಗಾಗಿ, ಅಂದರೆ ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಮಾಡಿದರೂ ನೀರು ಸುಡುಸುಡು ಆಗಿ ಆವಿ ಏಳುತ್ತದೆ, ಅದನ್ನು ಉಸಿರಿಗೆ ತೊಗೋಬೇಡಿ. ಮೈಮೇಲೆ ಹನಿ ಬಿದ್ದರೆ ಹುಣಸೆ, ನಿಂಬೆ ಏನೂ ಬೇಡ. ಕನಿಷ್ಠ ಕಾಲು ತಾಸು ಹರಿಯುವ ನೀರು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ.

ಆ ನೀರು ಬೆಚ್ಚಗಾಗುವಷ್ಟು ಆರಲಿ. ಆಮೇಲೆ ಮೂರೂ ಎಣ್ಣೆ ಬೆರೆಸಿದ ಪಾತ್ರೆಗೆ ನಿಧಾನ ಸುರಿದು ಕಡೆಯಿರಿ. ಕೈಯಲ್ಲಾದರೆ ಅರ್ಧ ತಾಸಿಗೂ ಜಾಸ್ತಿ ಹಿಡಿಯಬಹುದು, ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷ. ಮೊದಲು ಎಣ್ಣೆ ಹೊಳೆಯುತ್ತಾ ಬೇರೆಯೇ ನಿಲ್ಲುತ್ತದೆ. ನಂತರ ಹೊಳಪು ಹೋಗಿ ಕೆನೆ ಬಣ್ಣ ಬರುತ್ತದೆ. ಗಟ್ಟಿ ಅಂಬಲಿಯಂತಾಗಿ, ಚಮಚದಿಂದ ಬಿಟ್ಟ ಗೆರೆ ಮೇಲೆ ಒಂದು ಕ್ಷಣ ಉಳಿದರೆ ಆಯ್ತು. ಬಟರ್ ಪೇಪರ್ ಹಾಸಿದ ಡಬ್ಬಿಗೆ ಸುರಿದು ಟವೆಲ್ ಸುತ್ತಿ. ಒಂದೆರಡು ದಿನಕ್ಕೆ ಕೈಗವಸು ಹಾಕಿಯೇ ಕತ್ತರಿಸಿ, ಗಾಳಿಯಾಡುವಲ್ಲಿ 4ರಿಂದ 6 ವಾರ ಬಿಡಿ. ಅರಿಶಿನ ಹಚ್ಚಿ ನೋಡಿ ಕೆಂಪಾಯಿತೆಂದು ಗಾಬರಿ ಬೀಳಬೇಡಿ, ನಿಜವಾದ ಸೋಪು ಯಾವುದಾದರೂ ಕ್ಷಾರವೇ, ಅರಿಶಿನ ಕೆಂಪಾಗಲೇಬೇಕು. ಒಳಗೆ ಬಿಳಿ ಹರಳಿನ ಗೂಡು ಕಂಡರೆ ಅಥವಾ ನೀರು ಜಿನುಗುತ್ತಿದ್ದರೆ ಮಾತ್ರ ಮೈಗೆ ಹಚ್ಚಬೇಡಿ.

ಇಷ್ಟೆಲ್ಲ ಮಾಡಿ ಬೋರ್‌ವೆಲ್ ನೀರಲ್ಲಿ ಸ್ನಾನಕ್ಕೆ ಕೂತರೆ ನೊರೆಯೇ ಬರಲಿಲ್ಲ ಅನ್ನಿ. ಸೋಪಿನ ತಪ್ಪಲ್ಲ, ನೀರಿನದು. ಎರಡು ಬಾಟಲಿ ತೊಗೊಂಡು ಒಂದಕ್ಕೆ ಕ್ಯಾನ್ ನೀರು, ಒಂದಕ್ಕೆ ಬೋರ್‌ವೆಲ್ ನೀರು ಹಾಕಿ, ಎರಡಕ್ಕೂ ಚೂರು ಸೋಪು ತುರಿದು ಅಲುಗಾಡಿಸಿ. ಮೊದಲನೆಯದು ಕುತ್ತಿಗೆವರೆಗೆ ನೊರೆ. ಎರಡನೆಯದರಲ್ಲಿ ನೊರೆ ಕಡಿಮೆ, ಬಿಳಿ ಚರಟ ತೇಲುತ್ತಿರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಸೋಡಿಯಂ ಜಾಗಕ್ಕೆ ಬಂದು ಕೂತದ್ದರಿಂದ ಆದ, ನೀರಿನಲ್ಲಿ ಕರಗದ ಸೋಪು ಅದು. ಬಕೆಟ್ಟಿನ ಅಂಚಿಗೆ ಅಂಟುವ ಬೂದು ಜಿಡ್ಡೂ ಅದೇ.

ಈಗ ಬಟ್ಟೆ ಒಗೆಯುವ ಪುಡಿ ಹಾಕಿ ನೋಡಿ, ಬೋರ್‌ವೆಲ್ ನೀರಲ್ಲೂ ನೊರೆ ಬರುತ್ತದೆ. ಡಿಟರ್ಜೆಂಟ್ ಕೊಬ್ಬಿನಿಂದ ಆದದ್ದಲ್ಲ. ವ್ಯಾಪಾರಿಗಳು ಆಸಿಡ್ ಸ್ಲರಿ ಎನ್ನುವ, ಪೆಟ್ರೋಲಿಯಂ ಮೂಲದ ಸಲ್ಫೋನಿಕ್ ಆಮ್ಲವನ್ನು ಸೋಡಾದೊಂದಿಗೆ ಕೂಡಿಸಿ ಮಾಡುತ್ತಾರೆ. ಅದರ ತಲೆಯನ್ನು, ಅಂದರೆ ಅಣುವಿನ ಸೋಡಿಯಂ ಹಿಡಿದ ತುದಿಯನ್ನು, ಕ್ಯಾಲ್ಸಿಯಂ ಅಷ್ಟು ಸುಲಭವಾಗಿ ಹಿಡಿಯಲಾರದು. ಜತೆಗೆ ಪುಡಿಯಲ್ಲಿರುವ ವಾಷಿಂಗ್ ಸೋಡಾ ನೀರಿನ ಗಡಸನ್ನೂ ತಗ್ಗಿಸುತ್ತದೆ. ಹೊರದೇಶಗಳಲ್ಲಿ ಶುರುವಿನ, ಕವಲೊಡೆದ ಅಣುಗಳ ಡಿಟರ್ಜೆಂಟುಗಳು ಕೊಳೆಯದೆ ನದಿಗಳಲ್ಲಿ ನೊರೆ ತುಂಬಿದ್ದವು. 1960ರ ದಶಕದಲ್ಲಿ ತಯಾರಕರು ಕವಲಿಲ್ಲದ, ಬ್ಯಾಕ್ಟೀರಿಯಾ ತಿನ್ನಬಲ್ಲ ಅಣುಗಳಿಗೆ ಬದಲಾದರು.

ನಿಮ್ಮ ಸೋಪಿಗೆ ನಲ್ಲಿಗೆ ಬರುವ ಕೃಷ್ಣಾ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಹಂಡೆಯಲ್ಲಿ ಚೆನ್ನಾಗಿ ಕುದಿಸಿ ಆರಿಸಿದರೂ ಗಡಸಿನ ಒಂದು ಪಾಲು ಬಿಳಿ ಪೊರೆಯಾಗಿ ತಳಕ್ಕೆ ಕೂರುತ್ತದೆ. ಆದರೆ ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಮನೆಯ ಸೋಪು ಬೇಡ, ಒಗೆಯುವ ಪುಡಿಯೂ ಬೇಡ. ರೇಷ್ಮೆ ಪ್ರೋಟೀನ್, ಕ್ಷಾರ ತಾಗಿದರೆ ಸೊರಗುತ್ತದೆ. ಅದಕ್ಕೆ ರೇಷ್ಮೆಗೆಂದೇ ಮಾರುವ ಲಿಕ್ವಿಡ್ ತನ್ನಿ.